ಪುಟ 141ರ ಒಂದು ‘ಅಂತೆ’

ಮುಂಬೈ ಪಕ್ಕದ ಡೊಂಬಿವಿಲಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರು ಕಾದಂಬರಿಕಾರ್ತಿ ಇದ್ದಾರೆ. ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದರಿಂದ ಇಲ್ಲಿ ಅಕ್ಕ ಎನ್ನುತ್ತೇನೆ. ಎದುರಿಗೂ ಹಾಗೇ ಕರೆಯುವುದು. ಕಾರ್ಕಳ ಕಡೆಯವರು. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದು ನಿವೃತ್ತರಾದರು. 1996ರಲ್ಲಿ ಒಂದು ಕಾದಂಬರಿ ಬರೆದರು, ಆಮೇಲೆ ಕತೆಗಳನ್ನಷ್ಟೇ ಬರೆದುಕೊಂಡಿದ್ದರು. ಆ ಮೊದಲ ಕಾದಂಬರಿಯ ಜನರನ್ನೇ ಹಿಡಿದುಕೊಂಡು ಇಪ್ಪತ್ತಾರು ವರ್ಷದ ನಂತರ ಇನ್ನೊಂದು ಬರೆದರು. ನಾನು ಪ್ರೂಫ್ ನೋಡುವವನು. ಬರೆಯುವವನಲ್ಲ. ಈ ಎರಡನೇ ಪುಸ್ತಕ ಎಲ್ಲಿ ಸಿಕ್ಕಿಹಾಕಿಕೊಂಡಿತು, ಎಲ್ಲಿ ಬಿಡಿಸಿಕೊಂಡಿತು ಎನ್ನುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಹಳೆಯ ಪಾತ್ರಗಳ ಹತ್ತಿರ ವಾಪಸ್ ಹೋಗಬೇಕು ಎಂದುಕೊಂಡಿರುವವರು ಸುಮಾರು ಜನ ಇದ್ದಾರೆ, ಅವರಿಗೆ ಬೇಕಾಗಬಹುದು ಎಂದು ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲ ಪುಸ್ತಕದ ಕತೆ ಇಷ್ಟು. ಮುಂಬೈಯ ಲಾಲ್‌ಬಾಗಿನ ಮಿಲ್ಲುಗಳ ನಡುವೆ ಒಂದು ಉಡುಪಿ ಹೋಟೆಲು. 1979ರಲ್ಲಿ ಹದಿಮೂರು ವರ್ಷದ ಶೀನ ಊರಿಂದ ಬಂದು ಅಲ್ಲಿ ಲೋಟ ತೊಳೆಯಲು ಸೇರುತ್ತಾನೆ. ಹಗಲು ಹೋಟೆಲು, ರಾತ್ರಿ ಶಾಲೆ. ಅಡುಗೆಗೆ ಭಟ್ಟರು, ಗಲ್ಲಾದಲ್ಲಿ ಧಣಿ. ಹೋಟೆಲಿನ ಹಿಂದಿನ ಚಾಳಿನಲ್ಲಿ ಕಮಲ ಎನ್ನುವ ಹೆಂಗಸು ಮಿಲ್ ಕೆಲಸದವರಿಗೆ ಖಾನಾವಳಿ ನಡೆಸುತ್ತಾಳೆ. ಅಕ್ಕಲಕೋಟ ಕಡೆಯವಳು, ಗಂಡ ಮಿಲ್ಲಿನಲ್ಲಿ ನೇಕಾರ. ಹೋಟೆಲಿನ ಅನ್ನ ಬೇಜಾರಾದಾಗ ಶೀನ ಅವಳ ಹತ್ತಿರ ಹೋಗಿ ಜೋಳದ ರೊಟ್ಟಿ ತಿನ್ನುತ್ತಾನೆ. 1982ರ ಜನವರಿ 18ಕ್ಕೆ ಮಿಲ್ ಮುಷ್ಕರ ಶುರುವಾಗುತ್ತದೆ. ಎರಡೂವರೆ ಲಕ್ಷದಷ್ಟು ಜನ ಕೆಲಸ ಬಿಟ್ಟು ಹೊರಗೆ ಬಂದ ಮುಷ್ಕರ ಅದು. ಗಿರಣಗಾಂವಿನ, ಅಂದರೆ ಆ ಮಿಲ್ ಕೇರಿಗಳ, ಜನಕ್ಕೆ ಸಂಬಳ ನಿಂತ ಮೇಲೆ ಖಾನಾವಳಿಗೆ ಯಾರು ದುಡ್ಡು ಕೊಡುತ್ತಾರೆ? ಕಮಲ ಸಾಲ ಮಾಡುತ್ತಾಳೆ, ಶೀನ ಜಾಮೀನು ಹಾಕುತ್ತಾನೆ. ಹೋಟೆಲು ಬಾಗಿಲು ಹಾಕುತ್ತದೆ. 1983ರಲ್ಲಿ ಶೀನ ಊರಿನ ರಾತ್ರಿ ಬಸ್ ಹತ್ತುತ್ತಾನೆ, ಅವನ ತೊಡೆಯ ಮೇಲೆ ಕಮಲ ಬಿಟ್ಟುಹೋದ ತಗಡಿನ ಟ್ರಂಕು. ಮುಗಿಯಿತು.

ಸಾವಿರ ಪ್ರತಿ ಅಚ್ಚಾಗಿತ್ತು. ಖಾಲಿಯಾಗಲು ಏಳೆಂಟು ವರ್ಷ ಬೇಕಾಯಿತು. ಆಮೇಲೆ ಅದು ಎಲ್ಲೂ ಸಿಗುತ್ತಿರಲಿಲ್ಲ.

2017ರಲ್ಲಿ ಮಾಟುಂಗದಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಅಕ್ಕ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ವಯಸ್ಸಾದವರು ಬಂದು ನಿಂತರು. ಹಿಂದೆ ಮಿಲ್ಲಿನಲ್ಲಿದ್ದವರಂತೆ. ಪುಸ್ತಕ ಚೆನ್ನಾಗಿದೆ ಗಿನ್ನಾಗಿದೆ ಏನೂ ಇಲ್ಲ, ಒಂದೇ ಪ್ರಶ್ನೆ.

“ಆ ಕಮಲ ಏನಾದಳು ಮೇಡಂ?”

“ಊರಿಗೆ ಹೋದಳಲ್ಲ,” ಎಂದರು ಅಕ್ಕ.

“ಯಾವ ಊರಿಗೆ? ಕೊಂಕಣದವರು ಹೋದರು, ಸಾತಾರದವರು ಹೋದರು, ಅವರಿಗೆ ಗದ್ದೆ ಇತ್ತು. ಅವಳಿಗೆ ಅಲ್ಲಿ ಏನಿತ್ತು?”

ಅಕ್ಕ ಏನೋ ಹೇಳಿ ಜಾರಿಕೊಂಡರು. ಆದರೆ ದಾದರಿನಿಂದ ಡೊಂಬಿವಿಲಿವರೆಗೆ ಲೋಕಲ್‌ನಲ್ಲಿ ಒಂದು ಮಾತೂ ಆಡಲಿಲ್ಲ. ಠಾಣೆ ದಾಟಿದ ಮೇಲೆ “ಶೀನ ಈಗ ಎಷ್ಟು ವರ್ಷದವನು ಮಾರಾಯ?” ಎಂದು ಕೇಳಿದರು. ನಾನು ಬೆರಳು ಮಡಿಸಿ ಐವತ್ತೊಂದು ಎಂದೆ. ಎರಡನೇ ಪುಸ್ತಕ ಶುರುವಾಗಿದ್ದು ಅಲ್ಲಿ. ಗಮನಿಸಿ, ಆ ಮನುಷ್ಯ ಕೇಳಿದ್ದು ಕಮಲಳ ಬಗ್ಗೆ, ಅಕ್ಕ ಯೋಚಿಸಿದ್ದು ಶೀನನ ಬಗ್ಗೆ. ಮುಂದಿನ ಮೂರು ವರ್ಷದ ತಾಪತ್ರಯಕ್ಕೆಲ್ಲ ಇದೇ ಕಾರಣ ಎಂದು ನನಗೆ ಈಗ ಅನಿಸುತ್ತದೆ, ಆಗ ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ಪ್ರಯತ್ನ ಹಳೆಯ ಪುಸ್ತಕದ ಕೊನೆಯ ಪುಟದಿಂದಲೇ ಶುರುವಾಯಿತು. ಬಸ್ಸು ಬೆಳಗಾವಿ ದಾಟುತ್ತದೆ, ಬೆಳಗಾಗುತ್ತದೆ, ಶೀನ ಇಳಿಯುತ್ತಾನೆ, ಅಮ್ಮ ಅಳುತ್ತಾಳೆ. ಎಂಬತ್ತು ಪುಟ ಆಯಿತು. ಓದಿದರೆ ಎಲ್ಲ ಸರಿಯಾಗೇ ಇದೆ, ಆದರೆ ತಣ್ಣಗಾದ ದೋಸೆ. ಯಾಕೆಂದರೆ ಆ ಕೊನೆಯ ಪುಟವನ್ನು ಅಕ್ಕ 1996ರಲ್ಲೇ ಗಟ್ಟಿಯಾಗಿ ಮುಚ್ಚಿದ್ದರು. ಚೆನ್ನಾಗಿ ಮುಗಿದ ಜಾಗದಿಂದ ಮುಂದೆ ಎಳೆದರೆ ಬರೀ ದಿನಚರಿ ಬರುತ್ತದೆ.

ಎರಡನೇ ಪ್ರಯತ್ನ ಇನ್ನೂ ಕಷ್ಟದ್ದು. ಶೀನನ ಮಗಳ ಮದುವೆ, ಕುರ್ಲಾದಲ್ಲಿ ಒಂದು ಸಭಾಭವನ. ಧಣಿ ಬರುತ್ತಾರೆ, ಭಟ್ಟರು ಬರುತ್ತಾರೆ, ರಾತ್ರಿ ಶಾಲೆಯ ಮೇಷ್ಟ್ರು ಬರುತ್ತಾರೆ, ಹೋಟೆಲಿಗೆ ಹಾಲು ಹಾಕುತ್ತಿದ್ದ ಭಯ್ಯಾ ಕೂಡ ಬರುತ್ತಾನೆ. ಪ್ರತಿಯೊಬ್ಬರೂ ಬಂದು “ನೆನಪುಂಟಾ?” ಎಂದು ಕೇಳಿ ಊಟಕ್ಕೆ ಹೋಗುತ್ತಾರೆ. ಇದು ಕಾದಂಬರಿ ಅಲ್ಲ ಅಕ್ಕ, ಹಾಜರಿ ಪುಸ್ತಕ ಎಂದೆ. ಮೂರು ದಿನ ಫೋನ್ ಎತ್ತಲಿಲ್ಲ. ನಾಲ್ಕನೇ ದಿನ ಅವರೇ ಮಾಡಿ, “ಭಯ್ಯಾನನ್ನು ತೆಗೆದೆ,” ಎಂದರು.

ಇದೇನೂ ಅಕ್ಕನೊಬ್ಬರ ಕಾಯಿಲೆ ಅಲ್ಲ. ಇಂಗ್ಲಿಷಿನ ಆಂಟನಿ ಟ್ರಾಲಪ್ ಎಂಬ ಕಾದಂಬರಿಕಾರ ಒಂದು ಊರಿನ ಜನರನ್ನೇ ಪುಸ್ತಕದಿಂದ ಪುಸ್ತಕಕ್ಕೆ ಕರೆದುಕೊಂಡು ಹೋಗುತ್ತಿದ್ದ. ಒಂದು ದಿನ ಲಂಡನ್ನಿನ ಕ್ಲಬ್ಬಿನಲ್ಲಿ ಕೂತಿದ್ದಾಗ ಪಕ್ಕದಲ್ಲೇ ಇಬ್ಬರು ಪಾದ್ರಿಗಳು, ಇವನೇ ಅವನು ಎಂದು ಗೊತ್ತಿಲ್ಲದೆ, ಈ ಮನುಷ್ಯ ಹಳೆ ಪಾತ್ರಗಳನ್ನೇ ತಂದು ತಂದು ತಲೆ ತಿನ್ನುತ್ತಾನೆ ಎಂದು ಬೈಯುತ್ತಿದ್ದರು. ಅದರಲ್ಲೂ ಬಿಷಪ್ಪನ ಬಾಯಿಬಡುಕಿ ಹೆಂಡತಿ ಅವರಿಗೆ ಸಾಕಾಗಿ ಹೋಗಿದ್ದಳು. ಟ್ರಾಲಪ್ ಎದ್ದು ಹೋಗಿ, ನಾನೇ ಅದನ್ನು ಬರೆಯುವವನು, ಮನೆಗೆ ಹೋಗಿ ವಾರದೊಳಗೆ ಅವಳನ್ನು ಕೊಲ್ಲುತ್ತೇನೆ ಎಂದ. ಕೊಂದೂಬಿಟ್ಟ. 1867ರ ಪುಸ್ತಕದಲ್ಲಿ ಅವಳು ಸಾಯುತ್ತಾಳೆ. ಆಮೇಲೆ ಅದಕ್ಕೆ ಮರುಗಿದ ಎನ್ನುವುದನ್ನೂ ಅವನೇ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾನೆ. ಇದನ್ನು ಅಕ್ಕನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: “ನಾನು ಯಾರನ್ನು ಕೊಲ್ಲಬೇಕು ಹೇಳು.”

2020ರ ಮಾರ್ಚಿನಲ್ಲಿ ಲೋಕಲ್ ನಿಂತಿತು. ನನಗೆ ಕೆಲಸ ಇರಲಿಲ್ಲ. ಮೊದಲ ಪುಸ್ತಕದ ಮರುಮುದ್ರಣಕ್ಕೆ ಒಬ್ಬ ಪ್ರಕಾಶಕರು ಒಪ್ಪಿದ್ದರು, ಆದರೆ ಅದರ ಫೈಲು ಇರಲಿಲ್ಲ. ಇದ್ದ ಒಂದು ಸಿ.ಡಿ.ಯಲ್ಲಿ ಯೂನಿಕೋಡ್ ಅಲ್ಲದ ಯಾವುದೋ ಹಳೇ ಫಾಂಟು, ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಸಾಂಬಾರು. ಹಾಗಾಗಿ 212 ಪುಟವನ್ನೂ ಕೂತು ಹೊಸದಾಗಿ ಟೈಪ್ ಮಾಡಿದೆ. ದಿನಕ್ಕೆ ಐದಾರು ಪುಟ. ಈ ಪ್ರಕರಣದಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಅಂದರೆ ಇದೊಂದೇ. ಓದುವಾಗ ಕಣ್ಣು ಹಾರಿಸಿಕೊಂಡು ಹೋಗುತ್ತದೆ, ಟೈಪ್ ಮಾಡುವಾಗ ಹಾರಿಸಲು ಆಗುವುದಿಲ್ಲ. ಪ್ರತಿ ಒತ್ತಕ್ಷರವೂ ಬೆರಳಿನಿಂದಲೇ ಹೋಗಬೇಕು.

ಜೊತೆಗೇ ಒಂದು ನೋಟ್‌ಬುಕ್ಕಿನಲ್ಲಿ ಪಾತ್ರಗಳ ಜಾತಕ ಬರೆಯುತ್ತಾ ಹೋದೆ. ಯಾರು ಎಷ್ಟು ವರ್ಷ, ಯಾವ ಊರು, ಮೈಮೇಲೆ ಏನು ಗುರುತು, ಯಾವ ಪುಟ. ತಪ್ಪುಗಳು ಸಿಕ್ಕವು. ಪುಟ 37ರಲ್ಲಿ ದೋಸೆ ಕಾವಲಿಗೆ ತಾಗಿ ಶೀನನ ಎಡಗೈ ಸುಡುತ್ತದೆ, ಆಮೇಲೆ ಒಂದು ಕಡೆ ಕಲೆ ಬಲಗೈಯಲ್ಲಿ ಇದೆ. ಇದಕ್ಕೆ ಅಕ್ಕ ತುಂಬ ನಾಚಿಕೊಂಡರು. ಷರ್ಲಾಕ್ ಹೋಮ್ಸ್ ಪತ್ತೇದಾರಿ ಕತೆಗಳ ಕಾನನ್ ಡಾಯ್ಲ್ ಕೂಡ 1887ರಲ್ಲಿ ಆ ಪತ್ತೇದಾರನ ಗೆಳೆಯ ವಾಟ್ಸನ್ನನ ಭುಜಕ್ಕೆ ಗುಂಡು ಹೊಡೆಸಿ 1890ರ ಪುಸ್ತಕದಲ್ಲಿ ಕಾಲು ನೋವು ಎಂದು ಬರೆದಿದ್ದಾನೆ, ಬಿಡಿ ಎಂದು ಸಮಾಧಾನ ಮಾಡಿದೆ. ಕೈ ತಿದ್ದಿದೆವು.

ಇನ್ನೊಂದು ಕಡೆ ತಪ್ಪು ಹಿಡಿದೆ ಎಂದು ನಾನು ಬೀಗಿದ್ದೆ, ಅಲ್ಲಿ ನನ್ನದೇ ತಪ್ಪು. 1979ರಲ್ಲಿ ಹದಿಮೂರಿದ್ದ ಹುಡುಗ 1982ರ ಸಾಲಪತ್ರದಲ್ಲಿ ಹದಿನೆಂಟು ಹೇಗಾಗುತ್ತಾನೆ? ಹದಿನಾರು ಅಲ್ವಾ? ಕೆಂಪು ಗುರುತು ಹಾಕಿ ಕಳಿಸಿದೆ. ಅಕ್ಕನಿಗೂ ಮರೆತಿತ್ತು, ತಿದ್ದು ಎಂದರು. ತಿದ್ದಲು ಹೋದಾಗ ವಾಕ್ಯ ಸರಿಯಾಗಿ ಕಾಣಿಸಿತು: “ಹದಿನೆಂಟು ಎಂದು ಬರೆದು ಸಹಿ ಹಾಕಿದ.” ಹದಿನೆಂಟು ಆಗಿತ್ತು ಎಂದು ಪುಸ್ತಕ ಎಲ್ಲೂ ಹೇಳಿಲ್ಲ. ಹುಡುಗ ಸುಳ್ಳು ಬರೆದಿದ್ದಾನೆ. ಹದಿನೆಂಟು ತುಂಬದವನ ಸಹಿಗೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆ ಇಲ್ಲ, ಆ ಜಾಮೀನು ಶುರುವಿನಿಂದಲೇ ಚಲಾವಣೆ ಇಲ್ಲದ ನಾಣ್ಯ. ಬ್ಯಾಂಕಿನಲ್ಲಿ ಕೂತು ಬರೆದ ಹೆಂಗಸಿಗೆ 1996ರಲ್ಲಿ ಇದು ಗೊತ್ತಿದ್ದೇ ಇರಬೇಕು. ಈಗ ಮಾತ್ರ ನೆನಪಿಲ್ಲ. ಬರೆದವರಿಗಿಂತ ಅಚ್ಚಾದ ಪುಸ್ತಕಕ್ಕೆ ಜಾಸ್ತಿ ಗೊತ್ತಿರುತ್ತದೆ ಎಂದು ನನಗೆ ಮೊದಲು ಅನಿಸಿದ್ದು ಅವತ್ತು.

ನಿಜವಾದ ಜಗಳ ಆಗಿದ್ದು ಪುಟ 88ರ ಮೇಲೆ.

ಅಷ್ಟರಲ್ಲಿ ಅಕ್ಕನ ತಲೆಯಲ್ಲಿ ಒಂದು ಕತೆ ಕೂತಿತ್ತು. ಮಿಲ್ಲುಗಳ ಜಾಗದಲ್ಲಿ ಮಾಲು, ಟವರ್ ಎದ್ದ ಮೇಲೆ ಹಳೆಯ ಕೆಲಸಗಾರರಿಗೆ ಮನೆ ಕೊಡಬೇಕು ಎಂದಾಗಿ, 2012ರಲ್ಲಿ ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರಕಾರದ ವಸತಿ ಮಂಡಳಿ, ಅವರಿಗೋಸ್ಕರ ಲಾಟರಿ ನಡೆಸಿತು. ಅರ್ಜಿ ಲಕ್ಷಕ್ಕೂ ಜಾಸ್ತಿ ಬಂದಿತ್ತು, ಮನೆ ಕೆಲವೇ ಸಾವಿರ, ಅದೂ 225 ಚದರಡಿಯದ್ದು. ಸತ್ತವರ ಪರವಾಗಿ ಹೆಂಡತಿ ಮಕ್ಕಳು ಅರ್ಜಿ ಹಾಕಬಹುದಿತ್ತು. ಮಿಲ್ಲಿನ ಹಾಜರಿ ತಿಕೀಟ್ ನಂಬರ್, ಇ.ಎಸ್.ಐ. ಕಾರ್ಡು, ಪಿ.ಎಫ್. ಚೀಟಿ ಇಂಥದ್ದೇನಾದರೂ ಬೇಕು. ಅಕ್ಕನ ಯೋಚನೆ ಏನೆಂದರೆ, ಶೀನನ ಹತ್ತಿರ ಉಳಿದಿರುವ ಟ್ರಂಕಿನಲ್ಲಿ ಕಮಲಳ ಗಂಡನ ಕಾರ್ಡು ಇದೆ. ಶೀನ ಮುಂಬೈಗೆ ವಾಪಸ್ ಬಂದಿದ್ದಾನೆ, ಮೀರಾ ರೋಡಿನಲ್ಲಿ ಜ್ಯೂಸ್ ಅಂಗಡಿ ಇಟ್ಟಿದ್ದಾನೆ. ಪೇಪರಿನಲ್ಲಿ ಸುದ್ದಿ ಓದಿ ಕಮಲಳನ್ನು ಹುಡುಕಲು ಹೊರಡುತ್ತಾನೆ. ಒಳ್ಳೆಯ ದಾರ ಅಲ್ವಾ?

ಆದರೆ ಲಾಟರಿಗೆ ಒಂದು ಕಟ್ಟಳೆ ಇತ್ತು. 1982ರ ಜನವರಿ 1ಕ್ಕೆ ಅಥವಾ ಆಮೇಲೆ ಕೆಲಸದಲ್ಲಿ ಇದ್ದವರಿಗೆ ಮಾತ್ರ. ನಮ್ಮ ಪುಟ 88 ಏನು ಹೇಳುತ್ತದೆ? “ದೀಪಾವಳಿಗೆ ಮೊದಲೇ ಅವನನ್ನು ಮಿಲ್ಲಿನಿಂದ ತೆಗೆದಿದ್ದರು.” ಅಂದರೆ 1981ರ ಅಕ್ಟೋಬರ್. ಬೋನಸ್ ಗಲಾಟೆಯ ಹೊತ್ತು. ಮುಷ್ಕರ ಶುರುವಾಗುವಾಗ ಗಂಡ ಆಗಲೇ ಕುಡಿದು ಮನೆಯಲ್ಲಿ ಬಿದ್ದಿರಬೇಕು ಎಂದು ಅಕ್ಕನಿಗೆ ಬೇಕಾಗಿತ್ತು, ಅದಕ್ಕೆ ಎರಡು ಮೂರು ತಿಂಗಳು ಮುಂಚೆ ಕೆಲಸದಿಂದ ತೆಗೆಸಿದ್ದರು. ಆ ಎರಡು ಮೂರು ತಿಂಗಳು ಮೂವತ್ತು ವರ್ಷದ ಮೇಲೆ ಒಂದು ಮನೆಯನ್ನೇ ನುಂಗಬಹುದು ಎಂದು 1996ರಲ್ಲಿ ಯಾರಿಗೆ ಗೊತ್ತಿತ್ತು?

“ಮರುಮುದ್ರಣದಲ್ಲಿ ತಿದ್ದಿಬಿಡುವ ಮಾರಾಯ. ದೀಪಾವಳಿ ಅನ್ನುವಲ್ಲಿ ಸಂಕ್ರಾಂತಿ ಹಾಕು. ಒಂದು ಶಬ್ದ.”

“ಓದಿದವರು ಇದ್ದಾರಲ್ಲ ಅಕ್ಕ, ಸಾವಿರ ಪ್ರತಿ.”

“ಸಾವಿರದಲ್ಲಿ ಮುನ್ನೂರು ಗೆದ್ದಲು ತಿಂದಿದೆ. ಇನ್ನು ಮುನ್ನೂರು ಲೈಬ್ರರಿಯ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಯಾರಿಗೆ ಗೊತ್ತಾಗುತ್ತದೆ?”

“ಎಡಗೈ ಬಲಗೈ ಬೇರೆ. ಇದು ಆದದ್ದು.”

ಈ ಮಾತು ಬಾಯಿತಪ್ಪಿ ಬಂತು, ಆದರೆ ಈಗಲೂ ನಾನು ಅದಕ್ಕೇ ಅಂಟಿಕೊಂಡಿದ್ದೇನೆ. ಕೈತಪ್ಪಿನಿಂದ ಬಂದದ್ದನ್ನು ತಿದ್ದಬಹುದು. ಪುಸ್ತಕದಲ್ಲಿ ಒಬ್ಬನಿಗೆ ಆದದ್ದನ್ನು, ಹೊಸ ಪುಸ್ತಕಕ್ಕೆ ಅನುಕೂಲ ಎಂದು, ಹಿಂದೆ ಹೋಗಿ ಬದಲಿಸಿದರೆ ಆ ಪಾತ್ರಕ್ಕೆ ಮರ್ಯಾದೆ ಎಲ್ಲಿ ಉಳಿಯಿತು? ಅಕ್ಕ ಒಪ್ಪಲಿಲ್ಲ. ನಿನಗೆ ಪ್ರೂಫಿನ ಭೂತ ಹಿಡಿದಿದೆ ಎಂದರು. ಕೆಲವು ದಿನ ಹಾಗೇ ಹೋಯಿತು. ನಾನು ಟೈಪ್ ಮಾಡುತ್ತಾ ಹೋದೆ.

ಪುಟ 141. ಮಧ್ಯಾಹ್ನ ಸುಮಾರು ಮೂರು ಗಂಟೆ, ಕರೆಂಟು ಹೋಗಿ ಬಂದು ಆಗುತ್ತಿತ್ತು, ಫೈಲು ಉಳಿಯಿತೋ ಇಲ್ಲವೋ ಎಂದು ಒಂದೇ ಸಾಲನ್ನು ಎರಡು ಸಲ ಟೈಪ್ ಮಾಡಬೇಕಾಯಿತು. “ಹೋಳಿ ಹುಣ್ಣಿಮೆ ಕಳೆದ ಮೇಲೆ ಕಮಲ ಊರಿಗೆ ಹೋದಳಂತೆ.” ಎರಡನೇ ಸಲ ಹೊಡೆಯುವಾಗ ಬೆರಳು ಆ ಕೊನೆಯ ‘ಅಂತೆ’ಯ ಮೇಲೆ ನಿಂತಿತು. ಹೋದಳು ಅಲ್ಲ. ಹೋದಳಂತೆ. ಯಾರು ಹೇಳಿದ್ದು? ನಾಲ್ಕು ಸಾಲು ಕೆಳಗೆ ಭಟ್ಟರು ಇದ್ದಾರೆ, ತೆಂಗಿನಕಾಯಿ ತುರಿಯುತ್ತಾ ಶೀನನಿಗೆ ಹೇಳುತ್ತಿದ್ದಾರೆ. ಶೀನ ನೋಡಿಲ್ಲ. ಕಾದಂಬರಿಯೂ ನೋಡಿಲ್ಲ.

ಹಿಂದೆ ಹೋಗಿ ಪುಟ 88 ನೋಡಿದೆ. “ತೆಗೆದಿದ್ದರು.” ಅಲ್ಲಿ ‘ಅಂತೆ’ ಇಲ್ಲ.

ನಮ್ಮ ಭಾಷೆಯಲ್ಲಿ ಇದೊಂದು ಸೌಕರ್ಯ. ಕಣ್ಣಾರೆ ಕಂಡದ್ದಕ್ಕೆ ಒಂದು, ಕಿವಿಗೆ ಬಿದ್ದದ್ದಕ್ಕೆ ಒಂದು. ದಿನಾ ನೂರು ಸಲ ಹೇಳುತ್ತೇವೆ, ಹೇಳಿದ್ದು ಗೊತ್ತೇ ಆಗುವುದಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಗಂಡನ ಕೆಲಸ ಹೋದದ್ದು ಗಟ್ಟಿ, ಅದನ್ನು ಮುಟ್ಟಬೇಡಿ. ಕಮಲ ಊರಿಗೆ ಹೋದದ್ದು ಗಟ್ಟಿ ಅಲ್ಲ, ಅಂತೆಕಂತೆ. ಅಲ್ಲಿಂದ ಬಾಗಿಲು ತೆಗೆಯಿರಿ.

ಆ ಕಡೆಯಿಂದ ಸುಮಾರು ಹೊತ್ತು ಸದ್ದೇ ಇಲ್ಲ. ಕುಕ್ಕರಿನ ಸೀಟಿ ಮಾತ್ರ ಕೇಳುತ್ತಿತ್ತು.

ಕಾನನ್ ಡಾಯ್ಲ್ ಮತ್ತೆ ನೆನಪಾಗುತ್ತಾನೆ. 1893ರಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡ. 1901ರಲ್ಲಿ ಮತ್ತೆ ಬರೆಯಬೇಕಾದಾಗ ಜಾಣತನ ಮಾಡಿ, ಇದು ಸಾಯುವುದಕ್ಕಿಂತ ಮುಂಚಿನ ಕತೆ ಎಂದ. 1903ಕ್ಕೆ ನಿಜವಾಗಿಯೇ ವಾಪಸ್ ಕರೆತಂದ. ಹೇಗೆ ಸಾಧ್ಯವಾಯಿತು ಅಂದರೆ, ವಾಟ್ಸನ್ ಹೋಮ್ಸ್ ಬಿದ್ದದ್ದನ್ನು ನೋಡಿರಲಿಲ್ಲ. ಮುಂದಕ್ಕೆ ಹೋದ ಹೆಜ್ಜೆ ಗುರುತು ಇತ್ತು, ಹಿಂದಕ್ಕೆ ಬಂದದ್ದು ಇರಲಿಲ್ಲ, ಒಂದು ಚೀಟಿ ಇತ್ತು. ಅಷ್ಟರಿಂದ ಸತ್ತ ಎಂದುಕೊಂಡ. ಕನ್ನಡದಲ್ಲಿ ಬರೆದಿದ್ದರೆ ಅಲ್ಲೊಂದು ‘ಅಂತೆ’ ಇರುತ್ತಿತ್ತು.

ಆ ರಾತ್ರಿ ಅಕ್ಕ ಒಂದು ವಿಷಯ ಒಪ್ಪಿಕೊಂಡರು, ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಅದೇ. 1996ರಲ್ಲಿ ಕಮಲಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿದಿರಲಿಲ್ಲ. ಮುಷ್ಕರ ಸೋತ ಮೇಲೆ, ಸಾಲ ಹೆಗಲಿಗೆ ಬಿದ್ದ ಮೇಲೆ, ಗಂಡ ಕುಡುಕನಾದ ಮೇಲೆ ಒಬ್ಬ ಹೆಂಗಸು ಲಾಲ್‌ಬಾಗಿನಲ್ಲಿ ಹೇಗೆ ಬದುಕಿದಳು ಎನ್ನುವುದು ಬ್ಯಾಂಕಿನ ಕೌಂಟರಿನ ಈಚೆ ಕೂತವರಿಗೆ ಕಂಡಿರಲಿಲ್ಲ. ಪುಸ್ತಕ ಶೀನನದ್ದು, ಬೇಗ ಮುಗಿಸಬೇಕಿತ್ತು. ಒಂದು ವಾಕ್ಯದಲ್ಲಿ ಊರಿಗೆ ಕಳಿಸಿದರು. ‘ಅಂತೆ’ ಹಾಕಿದ್ದು ಕಲೆ ಅಲ್ಲ ಮಾರಾಯ, ನನಗೇ ಧೈರ್ಯ ಇರಲಿಲ್ಲ ಎಂದರು. ಮಾಟುಂಗದ ಆ ಮನುಷ್ಯ ಬೆರಳಿಟ್ಟದ್ದು ಸರಿಯಾಗಿ ಆ ಜಾಗಕ್ಕೇ. ಮೂರು ವರ್ಷ ಅಕ್ಕ ಎಲ್ಲ ಕಡೆ ತಡಕಾಡಿದರು, ಅಲ್ಲೊಂದು ಬಿಟ್ಟು. ನನ್ನ ಲೆಕ್ಕದಲ್ಲಿ ಹಳೆಯ ಪಾತ್ರಗಳ ಹತ್ತಿರ ಹೋಗುವವರು ಮೊದಲು ಹುಡುಕಬೇಕಾದದ್ದು ತಾವು ಮೈಗಳ್ಳತನ ಮಾಡಿದ ಪುಟವನ್ನು. ಚೆನ್ನಾಗಿ ಬರೆದ ಪುಟಗಳಲ್ಲಿ ಇನ್ನು ಏನೂ ಉಳಿದಿರುವುದಿಲ್ಲ.

ಮೂರನೇ ಬರವಣಿಗೆ ಹತ್ತು ತಿಂಗಳಲ್ಲಿ ಮುಗಿಯಿತು. ಅದರಲ್ಲಿ ನಲವತ್ತಾರು ವರ್ಷದ ಶೀನ ಮೊದಲು ಭಟ್ಟರನ್ನು ಹುಡುಕಿಕೊಂಡು ಉಡುಪಿ ಕಡೆ ಹೋಗುತ್ತಾನೆ. ಮೊದಲು ಮುಂಬೈಗೆ ಬಂದದ್ದು ಬಸ್ಸಿನಲ್ಲಿ ಎರಡು ದಿನ ವಾಂತಿ ಮಾಡಿಕೊಂಡು, ಈಗ ಕೊಂಕಣ ರೈಲು ಇದೆ, 1998ರಿಂದ. ಭಟ್ಟರಿಗೆ ಎಂಬತ್ತು. ಜಗಲಿಯಲ್ಲಿ ಕೂತು ಹಲಸಿನ ತೊಳೆ ಬಿಡಿಸುತ್ತಿದ್ದಾರೆ, ಕೈಗೆಲ್ಲ ತೆಂಗಿನೆಣ್ಣೆ. ಇವನನ್ನು ಈಗಲೂ ಮಾಣಿ ಎಂದೇ ಕರೆಯುತ್ತಾರೆ.

“ಕಮಲ ಊರಿಗೆ ಹೋದಳು ಅಂತ ನಿಮಗೆ ಯಾರು ಹೇಳಿದ್ದು ಭಟ್ರೇ?”

“ಅವಳೇ.”

“ಹೋಗ್ತೇನೆ ಅಂದಳಾ?”

“ಅಲ್ಲ ಮಾಣಿ. ಹೋದಳು ಅಂತ ಹೇಳಿ ಅಂದಳು.”

ಇಷ್ಟೇ. ಭಟ್ಟರು ಮತ್ತೆ ತೊಳೆ ಬಿಡಿಸುತ್ತಾರೆ, ಬೀಜ ಒಂದು ಕಡೆ, ತೊಳೆ ಒಂದು ಕಡೆ. ಸಾಲ ಕೊಟ್ಟವನಿಂದ ತಪ್ಪಿಸಿಕೊಳ್ಳಲು ಕಮಲ ಊರಿಗೆ ಹೋಗಿದ್ದಾಳೆ ಎಂದು ಸುದ್ದಿ ಹಬ್ಬಿಸಿ, ಅಲ್ಲೇ ಹತ್ತಿರದ ಕಾಟನ್ ಗ್ರೀನಿನ ಕಡೆ ಒಂದು ಖೋಲಿ ಹಿಡಿದು, ಮೂವತ್ತು ವರ್ಷ ಅಲ್ಲೇ ಇದ್ದಳು. ಶೀನ ಅದೇ ಮೂವತ್ತು ವರ್ಷ, ಬೆಲೆಯೇ ಇಲ್ಲದ ಒಂದು ಸಹಿಗೆ ಹೆದರಿಕೊಂಡು ಲಾಲ್‌ಬಾಗಿನ ಕಡೆ ಕಾಲಿಡಲಿಲ್ಲ. ಹಳೆಯ ಪುಸ್ತಕ, ಆ ಎಡಗೈ ಬಲಗೈ ಬಿಟ್ಟರೆ, ಒಂದು ಅಕ್ಷರವೂ ಬದಲಾಗದೆ ಇದನ್ನೆಲ್ಲ ತಡೆದುಕೊಂಡಿತು. ನನಗಂತೂ ಇನ್ನೂ ಆಶ್ಚರ್ಯ.

ಕಮಲಳ ಮಾತಿನದ್ದು ಬೇರೆ ತಲೆನೋವು. ಮೊದಲ ಪುಸ್ತಕದಲ್ಲಿ ಅವಳು ಅಕ್ಕಲಕೋಟದವಳು, ಆದರೆ ಮಾತು ಕಾರ್ಕಳದ್ದು. “ಎಂತ ಮಾರಾಯಾ, ಊಟ ಆಯ್ತಾ?” ಅನ್ನುತ್ತಾಳೆ! ಸೊಲ್ಲಾಪುರ ಜಿಲ್ಲೆಯ ಯಾವ ಹೆಂಗಸು ಹೀಗೆ ಮಾತಾಡುತ್ತಾಳೆ? ಆಗ ಅಕ್ಕನಿಗೆ ಬೇರೆ ಕನ್ನಡ ಬರುತ್ತಿರಲಿಲ್ಲ, ಅಷ್ಟೇ. ಹೊಸ ಪುಸ್ತಕಕ್ಕೆ ಅವರು ಬ್ಯಾಂಕಿನ ಹಳೆಯ ಸಹೋದ್ಯೋಗಿ, ಆ ಕಡೆಯ ಒಬ್ಬರನ್ನು ಹಿಡಿದು ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿಸಿದರು. ಈಗ ಕಮಲ “ಬಾರಲೇ ಶೀನ್ಯಾ, ಎಷ್ಟ್ ಸೊರಗೀಯೋ” ಅನ್ನುತ್ತಾಳೆ. ಎರಡು ಪುಸ್ತಕ ಒಟ್ಟಿಗೆ ಓದಿದವರಿಗೆ ಬೇರೆ ಹೆಂಗಸು ಅನಿಸುವುದಿಲ್ಲವೇ? ಅಕ್ಕ ಒಂದೇ ವಾಕ್ಯದಲ್ಲಿ ಮುಗಿಸಿದರು. ಅವಳ ಮಾತು ಕೇಳಿ ಶೀನನಿಗೆ, ಇಷ್ಟು ವರ್ಷ ನೆನಪಿನಲ್ಲಿ ಇವಳನ್ನು ನಾನು ನನ್ನ ಅಮ್ಮನ ಕನ್ನಡದಲ್ಲಿ ಮಾತಾಡಿಸಿದ್ದೆನಲ್ಲ ಅನಿಸುತ್ತದೆ. ಸ್ವಲ್ಪ ಜಾಣ ಉತ್ತರ. ಆದರೂ ಹೊಂದಿತು.

ಊರಿನ ಹೆಸರುಗಳಲ್ಲಿ ನಾನು ಕಟ್ಟುನಿಟ್ಟು. 2012ರಲ್ಲಿ ನಡೆಯುವ ಕತೆಯಲ್ಲಿ ಅಕ್ಕ ಪ್ರಭಾದೇವಿ ಸ್ಟೇಷನ್ ಎಂದು ಬರೆದಿದ್ದರು. ಆಗ ಅದು ಎಲ್ಫಿನ್‌ಸ್ಟನ್ ರೋಡ್, ಹೆಸರು ಬದಲಾಗಿದ್ದು 2018ರಲ್ಲಿ. ಸಿ.ಎಸ್.ಎಂ.ಟಿ., ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಎಂದೂ ಬರೆದಿದ್ದರು, ಆ ‘ಮಹಾರಾಜ’ ಸೇರಿದ್ದು 2017ರಲ್ಲಿ. ಭಟ್ಟರು ಮಾತ್ರ ಮೊದಲಿಂದ ಕೊನೆವರೆಗೆ ಅದರ ಹಳೇ ಹೆಸರು ವಿ.ಟಿ. ಎಂದೇ ಹೇಳುತ್ತಾರೆ, ಬೊಂಬಾಯಿ ಎಂದೇ ಹೇಳುತ್ತಾರೆ. ಅದನ್ನು ತಿದ್ದಲಿಲ್ಲ.

ಲಾಟರಿಯ ಅರ್ಜಿಯ ಅಧ್ಯಾಯ ಓದುಗರಲ್ಲಿ ಜಗಳ ಎಬ್ಬಿಸಿತು. ಟ್ರಂಕಿನಲ್ಲಿ ಕಾರ್ಡು ಸಿಗುತ್ತದೆ. ಶೀನ ಅರ್ಜಿ ತುಂಬುತ್ತಾನೆ, ಕೆಲಸ ಬಿಟ್ಟ ದಿನ ಎನ್ನುವಲ್ಲಿ ಪೆನ್ನು ನಿಲ್ಲುತ್ತದೆ. 1982 ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುತ್ತಾನೆ. ಅಕ್ಕ ನನಗೆ ಹೇಳಿದ್ದ ಅದೇ ಮಾತು! ಕಮಲ ಕಾಗದ ತನ್ನ ಕಡೆ ಎಳೆದುಕೊಂಡು, “ತಗದಿದ್ದು ದೀಪಾವಳಿಗೆ. ನಾ ಅವತ್ತ ಕರ್ಚಿಕಾಯಿ ಕರೀಲಿಕ್ಹತ್ತಿದ್ದೆ,” ಅನ್ನುತ್ತಾಳೆ. 1981 ಎಂದು ಬರೆಸುತ್ತಾಳೆ. ಆಮೇಲೆ ಇಬ್ಬರೂ ಎದ್ದು ಹೋಗಿ ಅರ್ಜಿ ಕೊಟ್ಟು ಬರುತ್ತಾರೆ, ಸಿಗುವುದಿಲ್ಲ ಎಂದು ಗೊತ್ತಿದ್ದೂ. ಸುಳ್ಳು ಸುದ್ದಿ ಹಬ್ಬಿಸಿ ಮೂವತ್ತು ವರ್ಷ ಬದುಕಿದವಳು ಇಲ್ಲಿ ಯಾಕೆ ಸತ್ಯ ಹಿಡಿದು ಕೂತಳು ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನಗೆ ಮಾತ್ರ ಇಡೀ ಪುಸ್ತಕದಲ್ಲಿ ಇಷ್ಟವಾದದ್ದು ಈ ಕರ್ಚಿಕಾಯಿ. ಆ ಹಳೇ ಪುಟ 88 ತಿದ್ದಿದ್ದರೆ ಇದು ಬರುತ್ತಲೇ ಇರಲಿಲ್ಲ.

2022ರಲ್ಲಿ ಎರಡೂ ಪುಸ್ತಕ ಒಟ್ಟಿಗೆ ಬಂದವು. ಎರಡೂ ಬೇರೆ ಬೇರೆಯಾಗಿಯೇ ಓದಿಸಿಕೊಳ್ಳಬೇಕು ಎಂದು ಅಕ್ಕನ ಹಟ ಇತ್ತು, ಹಾಗಾಗಿ ಎರಡನೆಯದರ ಮೇಲೆ ‘ಭಾಗ ಎರಡು’ ಎಂದು ಎಲ್ಲೂ ಹಾಕಿಲ್ಲ. ಹಳೆಯದನ್ನು ಓದದವರಿಗೆ ನೆನಪು ಮಾಡಿಕೊಡುವ ಪುಟಗಳನ್ನು ಮೊದಲು ಹನ್ನೆರಡು ಬರೆದಿದ್ದರು, ಕಡಿದು ಕಡಿದು ಒಂದೂವರೆಗೆ ಇಳಿಸಿದೆವು. ಮೊದಲ ಪುಸ್ತಕ ಓದದವರೇ ಹೊಸದನ್ನು ಜಾಸ್ತಿ ಮೆಚ್ಚಿದ್ದಾರೆ ಎನ್ನುವುದು ನನ್ನ ಅನುಮಾನ. ಓದಿದವರಿಗೆ ತಾವು ಇಟ್ಟುಕೊಂಡಿದ್ದ ಶೀನನನ್ನು ಬಿಟ್ಟುಕೊಡಲು ಸಂಕಟ. ಹೊಟ್ಟೆ ಬಂದ, ಬಿ.ಪಿ. ಮಾತ್ರೆ ನುಂಗುವ, ಜ್ಯೂಸಿಗೆ ಐಸ್ ಜಾಸ್ತಿ ಹಾಕುವ ಶೀನ ಅವರಿಗೆ ಬೇಕಾಗಿಲ್ಲ.

ತಪ್ಪು ಉಳಿಯಲಿಲ್ಲ ಎಂದುಕೊಂಡಿದ್ದೆವು. ಪುಸ್ತಕ ಬಂದು ಹದಿನೈದು ದಿನಕ್ಕೆ ಹೋಟೆಲು ನಡೆಸುವ ಒಬ್ಬ ಓದುಗರು ಫೋನ್ ಮಾಡಿದರು. ಹೊಸ ಪುಸ್ತಕದಲ್ಲಿ ಶೀನ ಹಳೆಯದನ್ನು ನೆನೆಸಿಕೊಳ್ಳುವಾಗ ಭಟ್ಟರು ಗ್ಯಾಸ್ ಒಲೆ ಸಣ್ಣ ಮಾಡುತ್ತಾರೆ. ಹಳೆಯ ಪುಸ್ತಕದ ಪುಟ 22ರಲ್ಲಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಭಟ್ಟಿಗೆ ಕಲ್ಲಿದ್ದಲು ತುಂಬುವುದೇ ಶೀನನ ಕೆಲಸ. “ಕಲ್ಲಿದ್ದಲಿನ ಭಟ್ಟಿಯನ್ನು ಸಣ್ಣ ಮಾಡುವುದು ಹೇಗೆ ಸ್ವಾಮಿ?” ಎಂದು ಕೇಳಿದರು. ಜಾತಕದ ನೋಟ್‌ಬುಕ್ಕಿನಲ್ಲಿ ಮನುಷ್ಯರ ಬಗ್ಗೆ ಎಲ್ಲ ಬರೆದಿದ್ದೆ, ಒಲೆಯ ಬಗ್ಗೆ ಬರೆದಿರಲಿಲ್ಲ.

ಹೋದ ತಿಂಗಳು ಅಕ್ಕ ರಾತ್ರಿ ಹತ್ತೂವರೆಗೆ ಫೋನ್ ಮಾಡಿದರು. ಈಗ ಫೈಲು ಯೂನಿಕೋಡಿನಲ್ಲಿ ಇದೆಯಲ್ಲ, ಮೊದಲ ಪುಸ್ತಕದಲ್ಲಿ ‘ಅಂತೆ’ ಎಲ್ಲೆಲ್ಲಿ ಇದೆ ಹುಡುಕಿ ಪಟ್ಟಿ ಮಾಡಿಕೊಡು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹುಡುಕಿದರೆ ಸಂತೆ, ಚಿಂತೆ, ಕಂತೆ ಎಲ್ಲ ಬರುತ್ತವೆ. ಮರದಂತೆ, ಕಲ್ಲಿನಂತೆ, ಹಾವಿನಂತೆ ಬೇರೆ. ಒಂದೊಂದನ್ನೇ ಕೈಯಲ್ಲಿ ಆರಿಸಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ನಿನ್ನೆಗೆ ಪುಟ 63 ಮುಗಿಯಿತು. ಅಲ್ಲಿ ಧಣಿಯ ತಮ್ಮ ದುಬೈಗೆ ಹೋದನಂತೆ.